ಬಿಷಪ್ಪರ ಬೆನ್ನಿಗೆ ಗುದ್ದು

ಸಿಂಡೆಲ್‌ಫಿಂಗೆನ್, ಜರ್ಮನಿ, ಭಾನುವಾರ

ಮಗಳೇ ಪವಿ,

ನಿನ್ನ ಅವ್ವ ಇವತ್ತು ಚರ್ಚಿನಲ್ಲಿ ಬಿಷಪ್ಪರ ಬೆನ್ನಿಗೆ ಗುದ್ದಿದಳು. ನಗಬೇಡ, ಪೂರ್ತಿ ಓದು.

ನಮ್ಮ ಮೇಲಿನ ಮನೆಯ ಕೆಲ್ಲರ್ ಅವರು ಮಾರ್ಮನ್ ಪಂಥದವರು. ವಾರವೆಲ್ಲ ಹೀಟರ್ ರಿಪೇರಿ ಮಾಡುತ್ತಾರೆ, ಭಾನುವಾರ ಟೈ ಕಟ್ಟಿ ಬಿಷಪ್ ಆಗುತ್ತಾರೆ. ಅದಕ್ಕೆ ಪಗಾರವಿಲ್ಲ. ಮೀಸೆ ಚಿಗುರದ ಪ್ರಚಾರಕರನ್ನೂ ಅಲ್ಲಿ ‘ಹಿರಿಯರು’ ಎಂದೇ ಕರೆಯುತ್ತಾರೆ! ಇವತ್ತು ಕೆಲ್ಲರ್ ಅವರ ಮೊಮ್ಮಗಳಿಗೆ ಹೆಸರಿಡುವುದಿತ್ತು, ನಮ್ಮನ್ನೂ ಕರೆದಿದ್ದರು. ತೊಟ್ಟಿಲಿಲ್ಲ. ಗಂಡಸರೆಲ್ಲ ಸುತ್ತ ನಿಂತು, ಕೂಸಿನ ಕೆಳಗೆ ಒಂದೊಂದು ಕೈ ಕೊಟ್ಟು ಮೆಲ್ಲಗೆ ತೂಗಿದರು. ಕೆಲ್ಲರ್ ಹೆಸರು ಹೇಳಿ ಹರಸಿದರು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಗುದ್ದುತ್ತೇವಲ್ಲ, ಆ ರೂಢಿ. ಅವರು ಆಮೆನ್ ಅಂದದ್ದೇ ತಡ, ಎದ್ದು ಹೋಗಿ ಗುದ್ದಿಬಿಟ್ಟೆ.

“ಯವ್ವಾ, ಏನ್ ಮಾಡಿದಿ!” ಎಂದು ನಿನ್ನ ಅಣ್ಣ ಮಹೇಶ ಓಡಿ ಬಂದು ಜರ್ಮನ್ನಿನಲ್ಲಿ ವಿವರಿಸಿದ. ಆ ಮನುಷ್ಯ ಜೋರಾಗಿ ನಕ್ಕು, ಬಗ್ಗಿ ಮತ್ತೆ ಬೆನ್ನು ಕೊಟ್ಟರು.

ನಿನಗೆ ವೀಸಾ ಸಿಗಲಿಲ್ಲವೆಂದು ತನ್ನ ಮಗಳಿಗೆ ಹೆಸರಿಡುವುದನ್ನೇ ಮುಂದೂಡುತ್ತಿದ್ದ ನಿನ್ನ ಅಣ್ಣ, ಮನೆಗೆ ಬರುವಾಗ ಅಂದ: “ಹುಣ್ಣಿಮಿ ದಿನ ಫೋನ್ ಕೂಸಿನ ಕಿವಿಗೆ ಹಿಡಿಯೂಣು ಯವ್ವಾ. ಕುರ್ರ್ ಅನ್ನಾಕ ನಮಗ ಪವೀನ ಬೇಕು.”

ನನ್ನ ಮೊಣಕಾಲು ನೋವು ಕಡಿಮೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಹೆಸರು ಹೇಳಿದ ಮೇಲೆ ಅಲ್ಲಿ ಯಾರ ಕೈಯಲ್ಲೂ ಗುದ್ದು ತಿನ್ನಬೇಡ. ನಾನೇ ಬಂದು ಕೊಡುತ್ತೇನೆ.

ಅವ್ವ