ದೇವರಿಗೆ ವಿಳಾಸ ಯಾಕೆ ಬೇಕಿತ್ತು

ಮೂಡಲಪಾಳ್ಯ
ಶನಿವಾರ, 15 ನವೆಂಬರ್ 2025

ಶಿಲ್ಪಾ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡುವ ಮುಖ ನನಗಿಲ್ಲ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಸರಿಯಾಗಿಯೇ ಮಾಡಿದ್ದೀಯ. ಅದಕ್ಕೇ ಈ ಕಾಗದ. ನೀನೀಗ ಇರುವ ಲಗ್ಗೆರೆಗೆ ನಾನೇ ಬಂದು ನಿನ್ನ ಚಿಕ್ಕಮ್ಮ ಭಾಗವ್ವನ ಕೈಗೆ ಕೊಟ್ಟು ಬಾಗಿಲಿಂದಲೇ ತಿರುಗುತ್ತೇನೆ.

ನಾಳೆ ನಿನ್ನ ಮಾವ ತಮ್ಮಣ್ಣನವರು ಸಿಂದಗಿಯಿಂದ ಬರುತ್ತಾರಂತೆ. ಮಕ್ಕಳಿಬ್ಬರೂ ನಿನ್ನ ಹತ್ತಿರ ಇರಬೇಕೋ ಊರಿಗೆ ಹೋಗಬೇಕೋ ಎಂದು ಹಿರಿಯರು ಕೂತು ತೀರ್ಮಾನಿಸುತ್ತಾರಂತೆ. ಗಂಡನಿಗೆ ಹೇಳದೆ ಬಸಿರು ತೆಗೆಸಿದ್ದಾಳೆ ಅಂದರೆ ಅದು ಯಾರದ್ದೋ ಎಂಬ ಹೊಲಸು ಮಾತು ಎದ್ದಿದೆ. ಆ ಮಾತು ಎಬ್ಬಿಸಿದವಳು ನಾನು. ಹೇಗೆಂದು ನಿನಗೆ ಅರ್ಧ ಗೊತ್ತು. ಉಳಿದರ್ಧ ಬರೆಯುತ್ತೇನೆ.

ಎರಡು ವಾರದ ಹಿಂದಿನ ಶುಕ್ರವಾರ ನಮ್ಮ ಭಜನಾ ಮಂಡಳಿಯಲ್ಲಿ ದೋಷ ಪರಿಹಾರದ ಸಾಮೂಹಿಕ ಪೂಜೆ ಇತ್ತು. ಗರ್ಭಪಾತದ ಕಾನೂನನ್ನು ಇನ್ನು ಸಡಿಲಿಸಬಾರದು, ಗಂಡನ ಒಪ್ಪಿಗೆ ಕಡ್ಡಾಯ ಮಾಡಬೇಕು ಎಂದು ಗುರುಗಳ ಆಶ್ರಮದವರು ಮನೆಮನೆಗೆ ಸಹಿ ಕೇಳುತ್ತಿದ್ದರಲ್ಲ, ಅದರ ಬೆನ್ನಿಗೇ ಈ ಪೂಜೆ. ಯಾರ ಮನೆಯಲ್ಲಿ ಬಸಿರು ತೆಗೆಸಿದ್ದಾರೋ ಅವರು ಚೀಟಿ ಬರೆದು ಡಬ್ಬಿಗೆ ಹಾಕಬೇಕು, ಅರ್ಚಕರು ಸಂಕಲ್ಪದಲ್ಲಿ ಓದುತ್ತಾರೆ. ಮಗುವಿಗೆ ಜ್ವರ ಅಂತ ನೀನು ಬಂದಿರಲಿಲ್ಲ. ಪ್ರಸಾದ ಬಡಿಸಲು ಬಂದ ನಿನ್ನ ಗಂಡ ವಿಠ್ಠಲ ಬಕೆಟ್ ಹಿಡಿದು ನಿಂತಿದ್ದ. ಮೈಕಿನಲ್ಲಿ ನಿನ್ನ ಹೆಸರು ಬಂತು. ಆಮೇಲೆ ಅವನ ಹೆಸರು ಬಂತು.

ಅರ್ಚಕರು ಯಾವುದೋ ಚೀಟಿಗೆ ಯಾವುದೋ ಹೆಸರು ಸೇರಿಸಿ ಓದಿಬಿಟ್ಟರು ಎಂದು ಅವತ್ತು ನಿನ್ನ ಮುಂದೆ ಆಣೆ ಮಾಡಿದೆ. ಸುಳ್ಳು. ಚೀಟಿ ಬರೆದವಳು ನಾನು. ನಿನ್ನ ದೋಷ ಕಳೆಯಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಬರೆದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅಂಥ ಚೀಟಿಯಲ್ಲಿ ಯಾರೂ ಹೆಸರು ಬರೆಯುವುದಿಲ್ಲ. ಬೇರೆ ಹೆಂಗಸರೆಲ್ಲ ಬರೀ ರಾಶಿ ನಕ್ಷತ್ರ ಬರೆದು ಮಡಚಿ ಹಾಕಿದರು. ನಾನು ಬರೆದದ್ದು ಹೀಗೆ: ಶಿಲ್ಪಾ, ಗಂಡ ವಿಠ್ಠಲ, ಕೃತ್ತಿಕಾ ನಕ್ಷತ್ರ, ನಮ್ಮ ಮಹಡಿ ಮನೆ. ದೇವರಿಗೆ ವಿಳಾಸ ಯಾಕೆ ಬೇಕಿತ್ತು ಶಿಲ್ಪಾ? ದೇವರೇನು ಪೋಸ್ಟ್‌ಮನ್ನಾ? ಆ ವಿಳಾಸ ಬರೆದದ್ದು ಊರಿಗೆ ಕೇಳಲಿ ಅಂತ.

ಹೊಟ್ಟೆಕಿಚ್ಚು ಕಣೇ. ಇದಕ್ಕೆ ಭಕ್ತಿಯ ಹೆಸರಿಟ್ಟೆ, ಧರ್ಮದ ಹೆಸರಿಟ್ಟೆ. ಯಾವ ಹೆಸರಿಟ್ಟರೂ ಅದು ಅದೇ.

ನನಗೆ ಮೂರು ಸಲ ನಿಂತಿತು, ಮೂರೂ ಸಲ ಹೋಯಿತು. ಐವಿಎಫ್ ಎರಡು ಸಲ ಆಯಿತು. ಮದುವೆಯಾಗಿ ಹನ್ನೊಂದು ವರ್ಷ. ನೀವು ನಮ್ಮ ಮನೆಗೆ ಬಾಡಿಗೆಗೆ ಬಂದಾಗ ನಿನ್ನ ಸೊಂಟದ ಮೇಲೊಂದು ಕೂಸಿತ್ತು, ಎರಡನೆಯದನ್ನು ಇಲ್ಲೇ ಹೆತ್ತೆ. ನಿನ್ನ ಮಗನ ಮೊದಲ ಹೆಜ್ಜೆ ನೀನು ನೋಡುವ ಮೊದಲು ನಾನು ಕೇಳಿದ್ದೇನೆ. ನನ್ನ ಮಂಚದ ನೇರ ಮೇಲೆ ಕೇಳಿಸಿತು, ಧಪ್ ಧಪ್ ಅಂತ. ಕೆಳಗೆ ನನ್ನ ಅತ್ತೆ ಅಕ್ಕಯ್ಯಮ್ಮ, "ನೋಡವ್ವ, ಬಾಡಿಗೆಗಿರೋಳು ತೊಟ್ಲು ತೂಗ್ತಾವ್ಳೆ. ಸ್ವಂತ ಮನೆ ಇಟ್ಕೊಂಡು ನೀನು ಏನ್ ತೂಗ್ತೀಯ?" ಎಂದು ನಗುತ್ತಿದ್ದರು. ಲಂಗೋಟಿ ಒಣಹಾಕುವ ನಿನ್ನ ಹಗ್ಗ ಎರಡು ಸಲ ಹರಿದದ್ದು ಗಾಳಿಗಲ್ಲ. ನಾನೇ ಕತ್ತರಿಸಿದೆ. ಈಳಿಗೆಮಣೆ ತಗೊಂಡು ಹೋಗಿದ್ದೆ, ಹುಚ್ಚಿ.

ಸೆಪ್ಟೆಂಬರಿನಲ್ಲಿ ನೀನು ನನ್ನ ಅಡುಗೆಮನೆಗೆ ಬಂದು, ಮತ್ತೆ ನಿಂತಿದೆ ಅಂದೆಯಲ್ಲ. ಎರಡನೇ ಸಿಸೇರಿಯನ್ ಆಗಿ ಎಂಟೇ ತಿಂಗಳು. ಹಿಂದಿನ ಹೆರಿಗೆಯಲ್ಲಿ ಬಿಪಿ ಏರಿ ಫಿಟ್ಸ್ ಬಂದಿತ್ತು. ಹೊಲಿಗೆ ಬಿಚ್ಚಿಕೊಂಡರೆ ತಾಯಿಯೂ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರಮ್ಮ. "ಅವರಿಗೆ ಹೇಳಿದ್ರ ಅವ್ವಗ ಹೇಳತಾರ್ರೀ ಅಕ್ಕಾರ. ಅತ್ತಿ ದೇವರ ಮುಂದ ಕುಂತು ಅಳತಾರ, ಇವರು ಕರಗತಾರ. ನಾ ಸತ್ರ ಈ ಎರಡು ಕೂಸು ಯಾರ ನೋಡತಾರ?" ಅಂದೆ.

ಆಗ ನಾನು ಏನು ಕೇಳಿದೆ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. "ತೆಗೆಸಬೇಡ ಕಣೇ, ಹೆತ್ತು ನನಗೆ ಕೊಟ್ಬಿಡು" ಅಂದೆ. ಡಾಕ್ಟರ ಮಾತು ಕೇಳಿಸಿಕೊಂಡ ಮೇಲೂ ಅಂದೆ. ನೀನು ಸಾಯಬಹುದು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ, ನನ್ನ ಮಡಿಲಷ್ಟೇ ಕಾಣುತ್ತಿತ್ತು. ಬಾಡಿಗೆಯನ್ನೂ ಬಿಡುತ್ತೇನೆ ಎಂದೆ. ಅದಕ್ಕೆ ನೀನು ಹೇಳಿದೆ: "ಅಕ್ಕಾರ, ನನ್ನ ಹೊಟ್ಟಿ ಬಾಡಗಿ ಮನಿ ಅಲ್ಲರೀ."

ಆ ಮಾತು ನನ್ನನ್ನು ಸುಟ್ಟಿತು. ಆದರೂ ನಾನೇ ನಿನ್ನ ಜೊತೆ ಆಸ್ಪತ್ರೆಗೆ ಬಂದೆ, ಫೈಲ್ ಹಿಡಿದು ಸಾಲಿನಲ್ಲಿ ನಿಂತೆ, ಆಟೋದಲ್ಲಿ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕರೆತಂದೆ. ಪ್ರೀತಿ ಸುಳ್ಳಲ್ಲ ಕಣೇ. ಪ್ರೀತಿಯ ಪಕ್ಕದಲ್ಲೇ ಆ ಕಿಚ್ಚೂ ಕೂತಿತ್ತು, ಮೂರನೆಯವಳ ಹಾಗೆ.

ವಾರವಾಗುವಷ್ಟರಲ್ಲಿ ಗುರುಗಳ ಕಡೆಯವರು ಸಹಿ ಹಾಳೆ ತಂದರು. ಜೀವ ಕೊಡುವವನು ದೇವರು, ತೆಗೆಯಲು ನೀವ್ಯಾರು ಎಂದು ಅವರು ಮಾತಾಡುತ್ತಿದ್ದರೆ ನನಗೆ ಎಷ್ಟು ಹಿತವಾಯಿತು ಗೊತ್ತಾ? ನನಗೆ ಸಿಗದ್ದನ್ನು ನೀನು ಬೇಡವೆಂದೆ, ನೋಡು, ದೇವರೇ ನನ್ನ ಕಡೆ ಮಾತಾಡುತ್ತಿದ್ದಾನೆ ಅನ್ನಿಸಿತು. ಗೋವಿಂದರಾಜನಗರದವರೆಗೂ ಅಲೆದು ಇನ್ನೂರು ಚಿಲ್ಲರೆ ಸಹಿ ಹಾಕಿಸಿದೆ. ಹೆಣ್ಣೆಂದು ಗೊತ್ತು ಮಾಡಿಕೊಂಡು ಎರಡು ಬಸಿರು ತೆಗೆಸಿದ ಮನೆಯ ಯಜಮಾನ ನನಗೆ ಕಾಫಿ ಕೊಟ್ಟು, "ಒಳ್ಳೇ ಕೆಲಸ ಮಾಡ್ತಿದೀಯಮ್ಮ" ಎಂದು ಮೊದಲ ಸಹಿ ಹಾಕಿದ. ಆಗಲೂ ನನಗೆ ನಾಚಿಕೆಯಾಗಲಿಲ್ಲ. ಬಸಿರು ತೆಗೆಸಿಕೊಂಡವಳ ಹೆಸರು ಹೊರಗೆ ಬಿಡಬಾರದು ಎಂದು ಕಾನೂನು ಡಾಕ್ಟರ ಬಾಯಿ ಕಟ್ಟಿದೆ. ಭಜನೆ ಮಾಡುವ ನನ್ನ ಬಾಯಿ ಕಟ್ಟುವವರು ಯಾರೂ ಇರಲಿಲ್ಲ.

ನಿನ್ನೆ ಶುಕ್ರವಾರ ಮಂಡಳಿಗೆ ಹೋದೆ. ಮಂಗಳಾರತಿಗೆ ಮೊದಲು ಮೈಕ್ ಕೈಗೆ ತಗೊಂಡು, ಚೀಟಿ ಬರೆದದ್ದು ನಾನು, ಹೊಟ್ಟೆಕಿಚ್ಚಿಗೆ ಬರೆದೆ ಎಂದೆ. ಮಂಡಳಿಯ ಅಧ್ಯಕ್ಷೆ ಉಮಾಶ್ರೀ ಆಂಟಿ ಎದ್ದು ಬಂದರು.

"ಕವನಾ, ಮೈಕ್ ಇಡು. ಮನೆ ವಿಷ್ಯ ಮನೇಲಿರ್ಲಿ."

"ಶಿಲ್ಪಾಳ ಮನೆ ವಿಷ್ಯ ಇದೇ ಮೈಕಲ್ಲಿ ಓದಿಸ್ದಾಗ ನಿಮಗೆ ಮನೆ ನೆನಪಾಗ್ಲಿಲ್ವಾ ಆಂಟಿ?"

"ಅದು ದೇವರ ಮುಂದೆ ಓದಿದ್ದು."

"ದೇವರಿಗೆ ಕಿವಿ ಕೇಳಲ್ವಾ? ಮೈಕ್ ಯಾಕೆ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಎಂದರು. ಆಂಟಿ ಕೆಟ್ಟವರಲ್ಲ. ದನಿ ತಗ್ಗಿಸಿ, "ಜೀವ ಜೀವಾನೇ ಅಲ್ವೇನಮ್ಮ?" ಎಂದು ಕೇಳಿದರು. ಮೂರು ಕಳಕೊಂಡವಳು ನಾನು, ಅದು ಜೀವವಲ್ಲ ಅನ್ನಲು ನನಗೆ ನಾಲಿಗೆ ಬರುವುದಿಲ್ಲ ಎಂದೆ. ಆದರೆ ಶಿಲ್ಪಾಳದ್ದೂ ಜೀವವೇ. ಆಸ್ಪತ್ರೆ ಬಾಗಿಲು ಬಿಗಿ ಮಾಡಿದರೆ ಬಸಿರು ತೆಗೆಸುವುದು ನಿಲ್ಲುವುದಿಲ್ಲ, ಸಂದಿಗೊಂದಿಯಲ್ಲಿ ಬಸಿರು ಕಳೆಯಲು ಇಡುವ ಕಡ್ಡಿಗೂ ಕಳ್ಳ ಮಾತ್ರೆಗೂ ಬಡವರ ಹೆಣ್ಣುಮಕ್ಕಳು ಸಾಯುತ್ತಾರೆ. ಕಾಸಿದ್ದವರ ಮನೆಯವರು ಹಿಂಬಾಗಿಲಿಂದ ಹೋಗಿ ಬಂದು ಮುಂಬಾಗಿಲಲ್ಲಿ ಸಹಿ ಹಾಕುತ್ತಾರೆ. ನಿಮಗೆ ಇದು ಪಾಪ ಅನ್ನಿಸಿದರೆ ನೀವು ಮಾಡಿಸಿಕೊಳ್ಳಬೇಡಿ. ದೇವರ ಹೆಸರು ಹೇಳುವವರು ಮಾಡಬೇಕಾದ್ದು ಒಂದಿದೆ, ಹೆದರಿದವಳ ಜೊತೆ ಸಾಲಿನಲ್ಲಿ ನಿಲ್ಲಿ, ಮನೆಗೆ ಬಂದ ಮೇಲೆ ಗಂಜಿ ಕೊಡಿ, ಬಾಯಿ ಮುಚ್ಚಿಕೊಳ್ಳಿ. ಆಮೇಲೆ ಬೇಕಾದರೆ ಅವಳಿಗಾಗಿ ಅಳಿ. ಪೊಲೀಸರನ್ನೂ ಗಂಡನನ್ನೂ ದೇವರ ಪಕ್ಕ ಕೂರಿಸಬೇಡಿ.

ಇಷ್ಟನ್ನೂ ಇಷ್ಟು ನೀಟಾಗಿ ಹೇಳಲಿಲ್ಲ, ಮಧ್ಯೆ ಅಳು ಬಂತು. ಅಲ್ಲೇ ಇದ್ದ ಸಹಿ ಹಾಳೆಯಲ್ಲಿ ನನ್ನ ಸಹಿಯನ್ನು ಎಲ್ಲರೆದುರು ಹೊಡೆದು ಹಾಕಿದೆ. ಹೂ ಕಟ್ಟುವ ಅಜ್ಜಿಯೊಬ್ಬರು ಬಂದು, "ನಂದೆಲ್ಲೈತೆ ತೋರ್ಸವ್ವ, ಅದ್ನೂ ಹೊಡೆದಾಕು. ನಮ್ಮಕ್ಕ ಕಡ್ಡಿ ಇಟ್ಕೊಂಡೇ ಸತ್ತದ್ದು" ಎಂದರು. ಆಮೇಲೆ ಐದು ಜನ ಬಂದರು. ಉಳಿದವರು ಬರಲಿಲ್ಲ. ಹಾಳೆ ಗುರುಗಳಿಗೆ ಹೋಗಿಯೇ ಹೋಗುತ್ತದೆ. ನನ್ನನ್ನು ಮಂಡಳಿಯಿಂದ ತೆಗೆದಿದ್ದಾರೆ. ನಾನು ದೇವರನ್ನು ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಮನೆಯಲ್ಲೇ ದೀಪ ಹಚ್ಚಿದೆ, ಏನನ್ನೂ ಕೇಳಿಕೊಳ್ಳಲಿಲ್ಲ.

ನಾಳೆ ಹಿರಿಯರ ಮುಂದೆ ಬಂದು ಎಲ್ಲವನ್ನೂ ಹೇಳಲು ಸಿದ್ಧ. ಡಾಕ್ಟರು ಏನಂದರು, ನೀನು ಯಾಕೆ ಹೆದರಿದೆ, ನಾನು ನಿನ್ನಿಂದ ಏನು ಕೇಳಿದೆ, ಎಲ್ಲವನ್ನೂ. ಆದರೆ ನೀನು ಬಾ ಅಂದರೆ ಮಾತ್ರ. ಒಮ್ಮೆ ನಿನ್ನನ್ನು ಕೇಳದೆ ನಿನ್ನ ಹೆಸರು ಎತ್ತಿದ್ದು ಸಾಕು. ಭಾಗವ್ವನ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಡು, ಬರುತ್ತೇನೆ. ಕೊಡದಿದ್ದರೆ ನಿನ್ನ ಬೀದಿಗೂ ಕಾಲಿಡುವುದಿಲ್ಲ. ಕ್ಷಮಿಸು ಎಂದು ಬರೆಯಲಾರೆ, ಅದನ್ನೂ ನಿನ್ನಿಂದಲೇ ಕೀಳಬೇಕಾ ನಾನು?

ನಿನ್ನ ಅಕ್ಕಾರ ಎನಿಸಿಕೊಳ್ಳುವ ಯೋಗ್ಯತೆ ಕಳಕೊಂಡ,
ಕವನಾ

ಮ.ಬಿ.: ಕವರ್ ಅಂಟಿಸುವ ಹೊತ್ತಿಗೆ ವಿಠ್ಠಲ ಮಹಡಿಯಿಂದ ಮಕ್ಕಳ ಸ್ವೆಟರ್ ಒಯ್ಯಲು ಬಂದಿದ್ದ. ಆ ಬಸಿರು ಯಾರದ್ದು ಎಂದು ಕೇಳುತ್ತಾನೇನೋ ಎಂದು ಹೆದರಿದೆ. ಮೆಟ್ಟಿಲ ಮೇಲೆ ಕೂತು, "ಅಕ್ಕಾರ, ಆಕಿಗೆ ಭಾಳ ನೋವಾತೇನ್ರೀ ಅವತ್ತ?" ಎಂದು ಕೇಳಿದ. ನನ್ನ ಮೂರು ಹೋದಾಗಲೂ ನನ್ನ ಗಂಡ ಭೈರೇಶ್ ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಮತ್ತೆ ಹೊಟ್ಟೆ ಉರಿಯಿತು ಶಿಲ್ಪಾ, ಇನ್ನೂ ಉರಿಯುತ್ತಿದೆ. ಉರಿಯುತ್ತಲೇ ಹೇಳಿದೆ, ನಿನ್ನನ್ನು ಕೇಳದೆ ಹೇಳಿದೆ, ಇದೊಂದಕ್ಕೆ ಬೈದುಕೋ. ಮಂಪರಿನಲ್ಲಿ ನೀನು ಕರೆದದ್ದು ಒಂದೇ ಹೆಸರು, ಅವನದ್ದು. ಮತ್ತೆ ಮತ್ತೆ ಕರೆದೆ. ಪಕ್ಕದಲ್ಲಿ ನಿನ್ನ ಕೈ ಹಿಡಿದು ನಿಂತಿದ್ದ ನಾನು ಆ ಹೆಸರು ಕೇಳಲಾರದೆ ಹೊರಗೆ ಎದ್ದು ಹೋಗಿದ್ದೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.