ಮುಚ್ಚಿದ ಬಾಯಿಯ ಮಗ್ಗಿ

ಉಳವಿ
೨೩-೬-೧೯೯೬, ಭಾನುವಾರ

ಅಕ್ಕ ರಾಜೇಶ್ವರಮ್ಮನಿಗೆ ತಮ್ಮ ಸಂಗಮೇಶನ ನಮಸ್ಕಾರಗಳು.

ನಿನ್ನ ಕಾಗದ ಬಂದು ಎರಡು ವಾರದ ಮೇಲಾಯಿತು. ಶಾಲೆ ಶುರುವಾದ ಗಡಿಬಿಡಿ ಎಂದು ಬರೆದರೆ ನೀನು ನಂಬುತ್ತೀಯ. ಗಡಿಬಿಡಿ ಏನೂ ಇರಲಿಲ್ಲ. ಬರೆಯಲು ಕೂತರೆ ಕ್ಷೇಮಸಮಾಚಾರ ಮುಗಿದ ಮೇಲೆ ಮುಂದಿನ ಸಾಲು ಬರುತ್ತಿರಲಿಲ್ಲ. ಸಿಟ್ಟಾಗಬೇಡ. ನಾವು ಗಂಡ ಹೆಂಡತಿ ಇಬ್ಬರೂ ಇದ್ದೇವೆ. ಲೋಕಮ್ಮನ ಮಂಡಿನೋವು ಹೋದ ವರ್ಷದ ಹಾಗೇ ಇದೆ. ನನಗೆ ಕನ್ನಡಕದ ನಂಬರು ಬದಲಾಗಿದೆ, ಅದರಿಂದ ಹೊಸದಾಗಿ ಏನೂ ಕಾಣುತ್ತಿಲ್ಲ.

ನೀನು ಕೇಳಿದ್ದೀಯ: ನಮ್ಮನೆಯಲ್ಲಿ ಹೊತ್ತು ಮುಳುಗಿದರೆ ಬಾಯಿ ತುಂಬ ಮಗ್ಗಿ ಹೇಳುತ್ತಿದ್ದ ಹುಡುಗಿ, ಮೇಷ್ಟ್ರಾದ ಸೋದರಮಾವನ ಹತ್ತಿರ ಒಂದು ವರ್ಷ ಇದ್ದೂ ನವೋದಯ ಪರೀಕ್ಷೆಯಲ್ಲಿ ಹೇಗೆ ಬಿದ್ದಳು? ಈಗ ಮನೆಗೆ ಬಂದು, ಹೇಳು ಅಂದರೂ ಯಾಕೆ ಮಗ್ಗಿ ಹೇಳುವುದಿಲ್ಲ? ಭಾವನೂ ಇದನ್ನೇ ಕೇಳುತ್ತಾರೆಂದು ಬರೆದಿದ್ದೀಯ. ಆದ್ದರಿಂದ ಈ ಕಾಗದವನ್ನು ಅವರಿಗೂ ಓದಿ ಹೇಳು. ಕೊನೆಯಲ್ಲಿ ಇನ್ನೊಂದು ಹಾಳೆ ಮಡಿಸಿ ಇಟ್ಟಿದ್ದೇನೆ. ಅದು ನಿನಗೆ ಮಾತ್ರ, ಓದುವಾಗ ಈ ಮಾತನ್ನೂ ಬಿಟ್ಟುಬಿಡು.

ಹೋದ ಜೂನ್‌ನಲ್ಲಿ ಧನ್ಯಾಳನ್ನು ನೀನೇ ತೊಗರ್ಸಿಯಿಂದ ಕರೆದುಕೊಂಡು ಬಂದು ಬಿಟ್ಟು ಹೋದೆ. ಆ ಪರೀಕ್ಷೆಗೆ ಐದನೇ ಕ್ಲಾಸಿನಲ್ಲಿ ಒಂದೇ ಸಲ ಕೂರಬಹುದು. ನಮ್ಮ ಶಾಲೆಯ ಮಕ್ಕಳಿಗೆ ಆಗೀಗ ಸೀಟು ಸಿಕ್ಕಿದ್ದುಂಟು. ಭಾವ ಒಪ್ಪಿದ್ದು ಅಷ್ಟಕ್ಕೇ. ಸೀಟು ಸಿಕ್ಕರೆ ಹಾಸ್ಟೆಲಿನಲ್ಲಿ ಹನ್ನೆರಡನೆಯ ತನಕ ಓದಲಿ, ಸಿಗದಿದ್ದರೆ ಏಳಕ್ಕೆ ಸಾಕು, ಹೆಣ್ಣುಹುಡುಗಿಯನ್ನು ದಿನಾ ಬಸ್ಸು ಹತ್ತಿಸಿ ಶಿಕಾರಿಪುರದ ಹೈಸ್ಕೂಲಿಗೆ ಕಳಿಸುವವನು ನಾನಲ್ಲ ಎಂದರು. ಇದು ಅವಳಿಗೂ ಗೊತ್ತಿತ್ತು. ನೀನು ಬಸ್ಸು ಹತ್ತಿದ ಮೇಲೆ ನನ್ನನ್ನು ಕೇಳಿದಳು:

"ಮಾಮ, ಅಲ್ಲಿ ಹನ್ನೆರಡರ ತನಕ ಯಾರೂ ಕರ್ಕೊಂಡು ಹೋಗಕ್ಕೆ ಬರಲ್ವಾ?"

ರಜೆಗೆ ಬರುತ್ತಾರೆ ಎಂದೆ.

"ರಜೆಗೆ ಆದ್ರೆ ಪರವಾಗಿಲ್ಲ" ಎಂದಳು.

ಲೋಕಮ್ಮ ಸೌಂದರ್ಯಳ ಕೋಣೆಯನ್ನು ಗುಡಿಸಿ ಕೊಟ್ಟಳು. ಮಗಳು ತೀರಿಕೊಂಡ ಮೇಲೆ ನಾವು ಅಲ್ಲಿ ಈರುಳ್ಳಿ ಹರಡುತ್ತಿದ್ದೆವು. ಒಂದು ವಾರ ವಾಸನೆ ಹೋಗಲಿಲ್ಲ.

ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಶಾಲೆಯ ಜಗಲಿಯಲ್ಲಿ ಅಭ್ಯಾಸ ಮಾಡಿಸುತ್ತಿದ್ದೆ. ಪರೀಕ್ಷೆಯಲ್ಲಿ ಚಿತ್ರ ನೋಡಿ ಯೋಚಿಸುವುದು ಒಂದು ಭಾಗ, ಲೆಕ್ಕ ಇನ್ನೊಂದು, ಭಾಷೆ ಮತ್ತೊಂದು. ಎಲ್ಲಕ್ಕೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಆರಿಸಬೇಕು. ನಮ್ಮ ಮಕ್ಕಳಿಗೆ ಇದೇ ಹೊಸದು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಅವರಿಗೆ ನಾಲ್ಕು ಉತ್ತರ ಕೊಟ್ಟು ಯಾವುದು ಬೇಕು ಎಂದು ಯಾರೂ ಕೇಳಿದವರಿಲ್ಲ. ಸೈಕಲ್ಲು, ಬಸ್ಸು, ಎತ್ತಿನಗಾಡಿ, ದೋಣಿ ಬರೆದು ಗುಂಪಿಗೆ ಸೇರದ್ದು ಯಾವುದು ಎಂದರೆ ಎತ್ತಿನಗಾಡಿ ಎಂದರು. ದೋಣಿಗೆ ಚಕ್ರ ಇಲ್ಲವಲ್ಲ ಎಂದೆ. ಗಾಡಿಗೆ ಮಾತ್ರ ಹುಲ್ಲು ಬೇಕಲ್ಲ ಸಾರ್ ಎಂದರು. ಕನ್ನಡದ ಗದ್ಯಭಾಗ ಓದಿಸಿ, ಲೇಖಕರ ಅಭಿಪ್ರಾಯವೇನು ಎಂದು ಕೇಳಿದೆ. ನಯನ, ಇಲ್ಲಿಯ ರೈತ ಆನಂದಪ್ಪನ ಮಗಳು, ಎದ್ದು ನಿಂತು, "ಅದು ಅವ್ರಿಗೇ ಗೊತ್ತು ಸಾರ್" ಎಂದಳು. ಎಲ್ಲರೂ ನಕ್ಕರು. ಧನ್ಯಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಗ ಅವಳು ನಗುತ್ತಿದ್ದಳು.

ಲೆಕ್ಕದಲ್ಲಿ ಅವಳ ಹತ್ತಿರ ಯಾರೂ ಬರುತ್ತಿರಲಿಲ್ಲ. ಅವಳ ರೀತಿ ನಿನ್ನದೇ, ಎಂದರೆ ಅಪ್ಪನದು. ನಮ್ಮಿಬ್ಬರನ್ನು ಎದುರುಬದುರು ಕೂರಿಸಿ ಅಪ್ಪ ಕಾಲು, ಅರೆ, ಮುಕ್ಕಾಲು ಮಗ್ಗಿ ಹೇಳಿಸುತ್ತಿದ್ದರಲ್ಲ, ನೀನು ಅದನ್ನು ಹಾಗೇ ಅವಳ ಬಾಯಿಗೆ ಹಾಕಿ ಕಳಿಸಿದ್ದೆ. ಮುಕ್ಕಾಲು ಕಿಲೋದ ಏಳು ಪೊಟ್ಟಣ ಸೇರಿ ಎಷ್ಟು ಎಂದರೆ, ಉಳಿದವರು ಸ್ಲೇಟು ಒರೆಸುವುದರೊಳಗೆ ಅವಳು ಒಂದರಿಂದ ಹಿಡಿದು ಓಡಿಕೊಂಡು ಬಂದು "ಏಳ್ ಮುಕ್ಕಾಲ್ ಐದೂಕಾಲು" ಎಂದು ನಿಲ್ಲುತ್ತಿದ್ದಳು. ಉತ್ತರ ಅವಳ ತಲೆಯಲ್ಲಿ ಇರಲಿಲ್ಲ, ಬಾಯಲ್ಲಿತ್ತು. ಬಾಯಿ ನಡೆದರೆ ಲೆಕ್ಕ ನಡೆಯುತ್ತಿತ್ತು.

ಪರೀಕ್ಷೆಯ ಕೋಣೆಯಲ್ಲಿ ಮಾತಾಡುವಂತಿಲ್ಲ. ಅದಕ್ಕಾಗಿ ಮನೆಯಲ್ಲಿ ಬಾಯಿ ಮುಚ್ಚಿ ಲೆಕ್ಕ ಮಾಡುವ ಅಭ್ಯಾಸ ಹಿಡಿಸಿದೆ. ಒಂದು ಚೂರು ಕಲ್ಲುಸಕ್ಕರೆ ಬಾಯಲ್ಲಿ ಇಟ್ಟುಕೊಳ್ಳಬೇಕು, ಅದು ಕರಗುವ ತನಕ ತುಟಿ ಅಲ್ಲಾಡಬಾರದು, ಲೆಕ್ಕ ಕೈಯಲ್ಲೇ ಮುಗಿಯಬೇಕು. ಶಿಕ್ಷೆಯ ಹಾಗೆ ಕಾಣದಿರಲಿ ಎಂದು ಸಿಹಿ ಆರಿಸಿದ್ದೆ. ಒಂದು ಕಡೆ ಉಬ್ಬಿದ ಕೆನ್ನೆಯಿಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದಳು. ದೀಪಾವಳಿ ಕಳೆಯುವ ಹೊತ್ತಿಗೆ ತುಟಿ ಪೂರ್ತಿ ನಿಂತಿತು. ಲೆಕ್ಕವೂ ನಿಧಾನವಾಯಿತು. ಮೊದಲು ಎಲ್ಲ ಮಾಡಿ ಉಳಿದವರನ್ನು ಕಾಯುತ್ತಿದ್ದವಳಿಗೆ ಈಗ ಅರ್ಧ ಲೆಕ್ಕಕ್ಕೇ ಹೊತ್ತು ಮುಗಿಯುತ್ತಿತ್ತು. ದಾರಿ ಬದಲಾಯಿಸುವಾಗ ಹೀಗಾಗುತ್ತದೆ, ಸರಿಹೋಗುತ್ತದೆ ಎಂದುಕೊಂಡೆ. ಮೇಷ್ಟ್ರುಗಳು ಹಾಗೆ ಅಂದುಕೊಳ್ಳುವುದು ಸುಲಭ.

ಫೆಬ್ರವರಿಯಲ್ಲಿ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಸೊರಬಕ್ಕೆ ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸಾಲಾಗಿ ನಡೆದೆವು. ಅಡಿಕೆ ಮಂಡಿಯ ಮುಂದೆ ಕೂತಿದ್ದವನೊಬ್ಬ, "ಏನ್ ಮೇಷ್ಟ್ರೆ, ಇಷ್ಟೂ ಜನಾನೂ ಡೀಸಿ ಮಾಡ್ತೀರಾ?" ಎಂದ. ಲೋಕಮ್ಮ ಧನ್ಯಾಳ ಕೈಗೆ ಕಾಗದದಲ್ಲಿ ಸುತ್ತಿದ ಕಲ್ಲುಸಕ್ಕರೆ ಕೊಟ್ಟಿದ್ದಳು. ಪರೀಕ್ಷೆಯ ಕೋಣೆ ಅಂಗಳದ ಪಕ್ಕಕ್ಕಿತ್ತು, ಅವಳ ಜಾಗ ಕಿಟಕಿಗೆ ಹತ್ತಿರ. ಮುಖ ಕಂಡರೆ ಧೈರ್ಯ ಬರಲಿ ಎಂದು ನಾನು ಎದುರಿನ ಹೊಂಗೆಮರದ ಕೆಳಗೆ ಪರೀಕ್ಷೆ ಮುಗಿಯುವ ತನಕ ನಿಂತೆ. ಒಮ್ಮೆ ಅವಳು ತಲೆಯೆತ್ತಿ ನೋಡಿದಳು. ನಾನು ತಲೆಯಾಡಿಸಿದೆ. ಅವಳ ಕೆನ್ನೆ ಉಬ್ಬಿತ್ತು.

ಹೊರಗೆ ಬಂದಾಗ ಕೇಳಿದ್ದಕ್ಕೆಲ್ಲ ಹೂಂ ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ನಯನ ನನ್ನ ಹತ್ತಿರ ಬಂದು ನಿಂತು ಹೇಳಿದಳು. ಕೋಣೆಯ ಮೇಲ್ವಿಚಾರಣೆಗೆ ಬಂದಿದ್ದವರು ವಯಸ್ಸಾದ ಮೇಷ್ಟ್ರಂತೆ, ಪಕ್ಕದವರಿಗೆ ಕೇಳದ ಹಾಗೆ ತುಟಿಯಲ್ಲಿ ಹೇಳಿಕೊಂಡರೆ ಅಡ್ಡಿಯಿಲ್ಲ ಎಂದು ಮೊದಲೇ ಎಲ್ಲರಿಗೂ ಹೇಳಿದರಂತೆ.

"ನಾನು ಬಾಯಲ್ಲಿ ಹೇಳ್ಕೊಂಡೇ ಮಾಡ್ದೆ ಸಾರ್. ಧನ್ಯಾ ಸುಮ್ನೆ ಕೂತಿದ್ಲು. ನಾನು ಮೊಣಕೈಲಿ ತಿವಿದೂ ಹೇಳ್ದೆ, ಹೇಳ್ಕೋಬಹುದಂತೆ ಕಣೆ ಅಂತ. ಕೇಳ್ಲಿಲ್ಲ."

ಆ ಮಗ್ಗಿಯನ್ನು ನಯನಳಿಗೆ ಕಲಿಸಿದ್ದೇ ಧನ್ಯಾ, ಶಾಲೆಯ ಜಗಲಿಯಲ್ಲಿ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಮ್ಮ ಶಾಲೆಯಲ್ಲಿ ನಯನಳೊಬ್ಬಳಿಗೆ ಸೀಟು. ಆನಂದಪ್ಪ ಒಂದು ಗೊನೆ ಬಾಳೆಹಣ್ಣು ತಂದು ಜಗಲಿಯ ಮೇಲಿಟ್ಟು, "ನಿಮ್ ಹುಡುಗೀಗೂ ಆಗಿದ್ರೆ ಚೆನ್ನಾಗಿತ್ತು ಮೇಷ್ಟ್ರೆ, ನಮ್ಮವಳಿಗೆ ಅಲ್ಲಿ ಜೊತೆ ಆಗ್ತಿತ್ತು" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಧನ್ಯಾ ಬಾಗಿಲ ಹಿಂದೆ ನಿಂತಿದ್ದಳು.

ಅವಳನ್ನು ಕರೆದುಕೊಂಡು ಹೋಗಲು ಬಂದ ಭಾವ ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರ ಹೇಳಲು ಒಂದು ಅವಕಾಶವಿರುತ್ತಿತ್ತು. ಕಾಫಿ ಕುಡಿದು, "ಹೋಗ್ಲಿ ಬಿಡಪ್ಪ ಸಂಗಮೇಶ, ಅವಳ ಹಣೇಲಿ ಏಳೇ ಬರೆದಿತ್ತು ಅಂತ ಕಾಣ್ತದೆ" ಎಂದರು. ಆಮೇಲೆ ಅವಳ ಕಡೆ ತಿರುಗಿ ನಗುತ್ತ, "ಏನವ್ವಾ, ನಮ್ಮನೇಲಿ ಗಿಣಿ ಆಗಿದ್ದಾಕಿ ಮಾಮನ ಮನೇಲಿ ಕಲ್ಲಾದೆ?" ಎಂದರು.

ಭಾವ, ಇದು ನಿಮಗೆ. ಹಣೆಯಲ್ಲಿ ಏನೂ ಬರೆದಿರಲಿಲ್ಲ. ನಾನು ಅಭ್ಯಾಸ ಮಾಡಿಸಿದ ರೀತಿ ಅವಳಿಗೆ ಹೊಂದಲಿಲ್ಲ, ಅಷ್ಟೇ. ಸೀಟು ಹೋಯಿತು, ಐದನೇ ಕ್ಲಾಸು ಮತ್ತೆ ಬರುವುದಿಲ್ಲ. ಆದರೆ ನಾನು ತಪ್ಪಿದ್ದಕ್ಕೆ ಅವಳನ್ನು ಏಳಕ್ಕೆ ನಿಲ್ಲಿಸಬೇಡಿ. ಶಿಕಾರಿಪುರದ ಬಸ್ಸಿನಲ್ಲಿ ಬೇರೆಯವರ ಹೆಣ್ಣುಮಕ್ಕಳೂ ಹೋಗುತ್ತಾರೆ. ನಿಮ್ಮ ಮನೆಯಲ್ಲಿ ನಾನು ಇದುವರೆಗೆ ಏನನ್ನೂ ಕೇಳಿದವನಲ್ಲ. ಇದೊಂದನ್ನು ಕೇಳುತ್ತಿದ್ದೇನೆ.

ಅಕ್ಕ, ಮಗ್ಗಿ ಹೇಳು ಎಂದು ಅವಳನ್ನು ಒತ್ತಾಯ ಮಾಡಬೇಡ. ನೀನು ಕೆಲಸ ಮಾಡುತ್ತ ನಿನ್ನ ಪಾಡಿಗೆ ಹೇಳಿಕೊಳ್ಳುತ್ತಿರು. ಎಲ್ಲಾದರೂ ತಪ್ಪಿದರೆ ಅವಳು ತಿದ್ದಿಯಾಳು. ಧನ್ಯಾಳಿಗೆ ನಮ್ಮಿಬ್ಬರ ಆಶೀರ್ವಾದ. ಅವಳು ಎಷ್ಟು ಓದಬೇಕೆಂದಿದ್ದಾಳೋ ಅಷ್ಟು ಓದುವಂತಾಗಲಿ. ಹಿರಿಯಳಾಗಿ ನೀನು ನಮ್ಮನ್ನು ಹರಸು.

ನಿನ್ನ ತಮ್ಮ
ಸಂಗಮೇಶ

ತಾ.ಕ.: ಇದನ್ನು ಭಾವನಿಗೆ ಓದಬೇಡ.

ಪರೀಕ್ಷೆಯ ಕೋಣೆಯಲ್ಲಿ ಶಬ್ದ ಮಾಡಬಾರದು ಎಂಬುದು ಸುಳ್ಳಲ್ಲ. ಆದರೆ ಶಾಲೆಯ ಜಗಲಿಯಲ್ಲಿ ನಾನು ಯಾರ ಬಾಯನ್ನೂ ಮುಚ್ಚಿಸಿರಲಿಲ್ಲ. ಮನೆಯಲ್ಲಿ ಮಾತ್ರ.

ಬಂದ ಹೊಸದರಲ್ಲಿ ಒಂದು ಸಂಜೆ ಧನ್ಯಾ ಆ ಕೋಣೆಯ ಹೊಸ್ತಿಲ ಮೇಲೆ ಕೂತು ಮುಕ್ಕಾಲು ಮಗ್ಗಿ ಶುರುಮಾಡಿದಳು. ಅಲ್ಲಿ ಕೂರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸೌಂದರ್ಯ ಅಲ್ಲೇ ಕೂರುತ್ತಿದ್ದಳು. ಅದೇ ರಾಗ, ಅಪ್ಪನ ರಾಗ. ಸೌಂದರ್ಯ ಯಾವಾಗಲೂ ಏಳಕ್ಕೆ ಬಂದು ನಿಲ್ಲುತ್ತಿದ್ದಳು, ಲೋಕಮ್ಮ ಅಡುಗೆಮನೆಯಿಂದ "ಐದೂಕಾಲು" ಎಂದು ದಾಟಿಸುತ್ತಿದ್ದಳು. ಧನ್ಯಾ ನಿಲ್ಲಲಿಲ್ಲ. ಏಳನ್ನು ದಾಟಿಕೊಂಡು ಹೋಗಿಬಿಟ್ಟಳು. ನಾನು ಎದ್ದು ಹೊರಗೆ ಹೋದೆ. ಮರುದಿನವೂ ಎದ್ದು ಹೋದೆ. ಆಮೇಲೆ ಕಲ್ಲುಸಕ್ಕರೆ ತಂದೆ.

ಭಾವ ಬರುವ ದಿನ ಬೆಳಿಗ್ಗೆ ಲೋಕಮ್ಮ ಅವಳ ಜಡೆ ಹೆಣೆಯುತ್ತ, ಪರೀಕ್ಷೆಯಲ್ಲಿ ತುಟಿಯಲ್ಲಾದರೂ ಯಾಕೆ ಹೇಳಿಕೊಳ್ಳಲಿಲ್ಲ ಎಂದು ಕೇಳಿದಳಂತೆ.

"ನಾನು ಮಗ್ಗಿ ಹೇಳಿದ್ರೆ ಮಾಮ ಎದ್ದು ಹೋಗ್ತಾರೆ ಅತ್ತೆ."

"ಅಲ್ಲಿ ಮಾಮ ಎಲ್ಲಿದ್ರೇ?"

"ಮರದ ಕೆಳಗೆ ನಿಂತಿದ್ರು. ನನ್ನೇ ನೋಡ್ತಿದ್ರು."

ಅವಳು ಹೋದ ಮೇಲೆ ಲೋಕಮ್ಮ ಇದನ್ನು ನನಗೆ ಹೇಳಿದಳು. ಹಾಸಿಗೆ ಸುತ್ತಿಟ್ಟು ಬಂದು, "ನೀವು ಎದ್ದು ಹೋಗ್ತಿದ್ರಿ. ನಂಗೆ ಆ ಮಗ್ಗಿ ಬೇಕಿತ್ತು ರೀ" ಎಂದಳು. ಲೋಕಮ್ಮನಿಗೂ ನೋವಾಗದಿರಲಿ ಎಂದು ಹುಡುಗಿಯ ಬಾಯಿ ಮುಚ್ಚಿಸಿದ್ದೇನೆ ಎಂದುಕೊಂಡಿದ್ದೆ.

ಈಗ ಸಂಜೆ ಲೋಕಮ್ಮ ಒಲೆಯ ಮುಂದೆ ತಾನೇ ಮುಕ್ಕಾಲು ಮಗ್ಗಿ ಹೇಳಿಕೊಳ್ಳುತ್ತಾಳೆ. "ಏಳ್ ಮುಕ್ಕಾಲ್" ಎಂದು ನಿಲ್ಲುತ್ತಾಳೆ. ಉತ್ತರ ಅವಳಿಗೆ ಗೊತ್ತಿದೆ. ನಾನು ಎದ್ದು ಹೋಗುವುದನ್ನು ಬಿಟ್ಟಿದ್ದೇನೆ, ಜಗಲಿಯಲ್ಲೇ ಕೂತಿರುತ್ತೇನೆ. ಅವಳು ಕಾಯುತ್ತಾಳೆ. ಬಾಯಿ ತೆರೆಯುತ್ತೇನೆ, ಅಕ್ಕ. ಅಷ್ಟರಲ್ಲಿ ಒಳಗೆ ಒಗ್ಗರಣೆ ಹಾಕಿದ ಸದ್ದು ಬರುತ್ತದೆ.