ಕೊರಟಗೆರೆ ರಸ್ತೆಯಲ್ಲಿ ನಿಂತ ಹೊಸ ಬೈಕು

ನನ್ನ ವರ್ಕ್‌ಶಾಪ್ ಮೇಷ್ಟ್ರಿಗೆ,

ಶಿರಾದ ಪಾಲಿಟೆಕ್ನಿಕ್ಕಿನಲ್ಲಿ ನೀವು ನನ್ನನ್ನು ಮೊದಲ ಸಲ ಗದರಿದ ದಿನ ನೆನಪಿದೆಯೇ? ಕೆಟ್ಟು ನಿಂತಿದ್ದ ಪಂಪ್‌ಸೆಟ್ಟಿನ ಮುಂದೆ ನಾನು ಸ್ಪ್ಯಾನರ್ ಹಿಡಿದು ಕುಳಿತಿದ್ದೆ. "ಏನಮ್ಮಾ ರ್‍ಯಾಂಕಮ್ಮ, ಡಾಕ್ಟ್ರು ಬಂದ ತಕ್ಷಣ ಹೊಟ್ಟೆ ಕುಯ್ತಾರಾ? ಎದ್ದೇಳು. ಕೈ ಹಿಂದಕ್ಕೆ ಕಟ್ಕೊಂಡು ಮೂರು ಸುತ್ತು ಬಾ. ಇದರ ಮೇಲೆ ಕೊನೇದಾಗಿ ಯಾರ ಕೈ ಬಿದ್ದೈತೆ ಅಂತ ಮೊದ್ಲು ಕೇಳು" ಎಂದಿರಿ. ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಹೇಳಿ ಅಭ್ಯಾಸವಿದ್ದ ನನಗೆ ಅಂದು ನಿಮ್ಮ ಮೇಲೆ ಬಂದ ಸಿಟ್ಟು... ಇರಲಿ, ಅದನ್ನು ಈಗ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಫಲಿತಾಂಶ ಬಂದ ಬೆಳಗ್ಗೆ ನಾನು ಮೊದಲು ಹುಡುಕಿದ್ದು ನಿಮ್ಮ ಫೋನ್ ನಂಬರು. ನೀವು ನಮ್ಮನ್ನು ಬಿಟ್ಟು ಹೋಗಿ ಆಗಲೇ ಹದಿನೈದು ದಿನ ಕಳೆದಿತ್ತು ಎಂಬುದು ಒಂದು ಕ್ಷಣ ಮರೆತೇಹೋಗಿತ್ತು. ತರಗತಿಗೆ ನಾನೇ ಮೊದಲಿಗಳು, ಮೇಷ್ಟ್ರೇ. ಆ ಬಲದಿಂದಲೇ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಮೂರು ತಿಂಗಳು ಪರೀಕ್ಷಾ ಅವಧಿ, ಬೆಳಗ್ಗೆ ಎಂಟಕ್ಕೆ ಹಾಜರಿ. ನಮ್ಮ ಐ.ಡಿ.ಹಳ್ಳಿಯಿಂದ ಅಷ್ಟು ಹೊತ್ತಿಗೆ ತಲುಪಿಸುವ ಬಸ್ಸು ಇಲ್ಲ. ಸ್ಕೂಟರ್ ಸಾಕೆಂದು ಅಮ್ಮ ಹೇಳಿದರೂ ಕೇಳದೆ, ಕೆಂಪು ಬಣ್ಣದ ದೊಡ್ಡ ಮೋಟಾರ್ ಬೈಕನ್ನೇ ಆರಿಸಿದೆ.

ಬೈಕು ಮನೆಗೆ ಬಂದ ಸಂಜೆ ಅಪ್ಪ ಅದನ್ನು ಬಿಟ್ಟು ಕದಲಲಿಲ್ಲ. ಮಧುಗಿರಿಯಲ್ಲಿ ಅವರದು ಸೀಟು ಹೊಲಿಯುವ ಅಂಗಡಿ ಎಂಬುದು ನಿಮಗೆ ಗೊತ್ತು. ಹೊಸ ಗಾಡಿಯ ಮಿಂಚಿಗೆ ಒಂದು ಗೀರೂ ಬೀಳಬಾರದೆಂದು ಪೆಟ್ರೋಲ್ ಟ್ಯಾಂಕಿಗೆ ತಾವೇ ರೆಕ್ಸಿನ್ ಕವರು ಹೊಲಿದು, ಅಡಿಯಲ್ಲಿ ಬೆಲ್ಟು ಬಿಗಿದು ಕೈಯಾರೆ ತೊಡಿಸಿದರು. ಊರೊಳಗೆ ಎರಡು ಸುತ್ತು ಹೊಡೆದೆ. ರಾಣಿಯಂತೆ ಓಡಿತು.

ಕೆಲಸಕ್ಕೆ ಹೊರಟ ಮೊದಲ ದಿನವೇ ಆ ರಾಣಿ ಕೈಕೊಟ್ಟಳು. ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ನು ಕೆಮ್ಮತೊಡಗಿತು, ಹ್ಯಾಂಡಲ್ ನಡುಗಿತು, ಗಾಡಿ ಜಗ್ಗಿ ಜಗ್ಗಿ ನಿಂತೇಹೋಯಿತು. ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆರೆದು ನೋಡಿದೆ. ಟ್ಯಾಂಕು ತುಂಬಿತ್ತು. ಮತ್ತೆ ಸ್ಟಾರ್ಟರ್ ಒತ್ತಿದರೆ, ಏನೂ ಆಗದಂತೆ ಚಾಲೂ ಆಯಿತು. ದಿನವೂ ಇದೇ ಕತೆ. ಆ ವಾರ ಸ್ಪಾರ್ಕ್ ಪ್ಲಗ್ ಬಿಚ್ಚಿದೆ, ಏರ್ ಫಿಲ್ಟರ್ ಬಿಚ್ಚಿದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸಿದೆ. ಎರಡು ದಿನ ಹಾಜರಿ ತಪ್ಪಿತು. "ಮೂರನೇ ಸಲ ಲೇಟಾದ್ರೆ ಬೇರೆಯವ್ರನ್ನ ನೋಡ್ಕೋತೀವಿ ಕಣಮ್ಮ" ಎಂದರು ಅಧಿಕಾರಿ. ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಬೆಳಗ್ಗೆ ಎದ್ದು ಆ ಕೆಂಪು ಬಣ್ಣ ಕಣ್ಣಿಗೆ ಬಿದ್ದರೆ ಸಾಕು, ಯಾಕಾದರೂ ಕೊಂಡೆನೋ ಎನಿಸುತ್ತಿತ್ತು.

ರಜೆಯ ದಿನ ಅಪ್ಪನೊಡನೆ ಮಧುಗಿರಿಯ ಷೋರೂಮಿಗೆ ಹೋಗಿ, "ಈ ಡಬ್ಬಾ ಗಾಡಿ ವಾಪಸ್ ತಗೊಳ್ಳಿ" ಎಂದೆ. ಮೆಕ್ಯಾನಿಕ್ಕು ಐದು ನಿಮಿಷ ಓಡಿಸಿ ತಂದು, ದೋಷವಿಲ್ಲ ಎಂದ. ಮ್ಯಾನೇಜರು ನಕ್ಕರು. "ಗಾಡಿ ಸೆಟ್ ಆಗ್ಬೇಕು ಮೇಡಂ. ಕ್ಲಚ್ ಒತ್ಕೊಂಡೇ ಓಡಿಸ್ತೀರೇನೋ. ಹೆಣ್ಮಕ್ಕಳಿಗೆ ಸ್ಕೂಟಿನೇ ಸರಿ ಬುಡಿ."

"ಹಾಗಾದರೆ ನೀವೇ ಓಡಿಸಿ ಸರ್, ಕೊರಟಗೆರೆವರೆಗೆ. ಹಿಂದೆ ನಾವು ಬರುತ್ತೇವೆ" ಎಂದೆ.

ಅವರು ಮುಂದೆ ಹೋಗುವುದನ್ನು ಅಪ್ಪನ ಹಳೆಯ ಮೊಪೆಡ್ಡಿನ ಹಿಂದೆ ಕುಳಿತು ನೋಡಿದ ಸುಖವನ್ನು ಹೇಗೆ ಬಣ್ಣಿಸಲಿ? ಕೊರಟಗೆರೆ ಇನ್ನೂ ದೂರವಿರುವಾಗಲೇ ಗಾಡಿ ಕೆಮ್ಮಿ, ಜಗ್ಗಿ, ರಸ್ತೆಯ ಪಕ್ಕಕ್ಕೆ ನಿಂತಿತು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತ ಅವರು ಅದನ್ನು ತಳ್ಳುತ್ತಿದ್ದರು. "ಪೆಟ್ರೋಲ್ ಐತಾ ನೋಡಾನ" ಎಂದು ಮುಚ್ಚಳಕ್ಕೆ ಕೈ ಹಾಕಿದಾಗ, ಯಾಕೋ ನಿಮ್ಮ ಗದರಿಕೆ ಕಿವಿಯಲ್ಲೇ ಕೇಳಿಸಿತು. "ಮುಟ್ಟಬೇಡಿ ಸರ್" ಎಂದೆ.

ಕೈ ಹಿಂದಕ್ಕೆ ಕಟ್ಟಿಕೊಂಡು ಸುತ್ತು ಬಂದೆ, ಮೇಷ್ಟ್ರೇ. ಎರಡನೆಯ ಸುತ್ತಿನಲ್ಲಿ ಹೊಳೆಯಿತು. ಪ್ರತಿ ಸಲವೂ ನಾನು ಮುಚ್ಚಳ ತೆರೆದ ಮೇಲೆಯೇ ಅಲ್ಲವೇ ಗಾಡಿ ಚಾಲೂ ಆದದ್ದು? ಮೆಲ್ಲಗೆ ಮುಚ್ಚಳ ತಿರುಗಿಸಿದೆ. ಹುಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. ಪೆಟ್ರೋಲ್ ಖರ್ಚಾದಷ್ಟೂ ಟ್ಯಾಂಕಿಗೆ ಹೊರಗಿನ ಗಾಳಿ ಬರಬೇಕು. ಅದು ಬರುತ್ತಿರಲಿಲ್ಲ. ಇದರ ಮೇಲೆ ಕೊನೆಯದಾಗಿ ಯಾರ ಕೈ ಬಿದ್ದಿತ್ತು? ಟ್ಯಾಂಕಿನ ಅಡಿಗೆ ಬೆರಳು ತೂರಿಸಿದೆ. ಕವರಿನ ಬೆಲ್ಟು ಗಾಳಿಯ ಸಣ್ಣ ರಬ್ಬರ್ ಕೊಳವೆಯನ್ನು ಅಪ್ಪಚ್ಚಿಯಾಗುವಂತೆ ಒತ್ತಿ ಹಿಡಿದಿತ್ತು.

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಮ್ಯಾನೇಜರಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ಕೊಳವೆ ಕೂರಿಸಿದ್ದೇ ತಪ್ಪು, ಇದು ನಿಮ್ಮ ಗಾಡಿಯ ದೋಷ ಎಂದಿದ್ದರೆ ಅವರು ನಂಬುತ್ತಿದ್ದರು. ಅಪ್ಪನ ಹೊಲಿಗೆಯ ಮಾನ ಉಳಿಯುತ್ತಿತ್ತು, ನನ್ನ ಜಂಬವೂ. ಆದರೆ ನಿಮ್ಮ ಮುಂದೆ ನಿಂತು ಹಾಗೆ ಹೇಳುತ್ತಿದ್ದೆನೇ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಾನೇನಾ ಮಗ ಮಾಡಿದ್ದು?" ಎಂದರು ಅಪ್ಪ. "ಅಲ್ಲಾಡ್ದೇ ಇರ್ಲಿ ಅಂತ ಬಿಗಿಯಾಗಿ ಎಳೆದ್ಬುಟ್ಟಿದ್ದೆ ಕಣಮ್ಮ." ಜೇಬಿನಿಂದ ಬ್ಲೇಡು ತೆಗೆದು, ಆ ಬಿಸಿಲಲ್ಲೇ ಮಂಡಿಯೂರಿ, ತಾವು ಹಾಕಿದ ಬೆಲ್ಟನ್ನು ತಾವೇ ಕತ್ತರಿಸಿದರು. ಎದ್ದವರು ಮ್ಯಾನೇಜರ ಕಡೆ ತಿರುಗಿ, "ನಿಮ್ಮ ಮೆಕ್ಯಾನಿಕ್ಕಿಗೆ ಸಿಗ್ಲಿಲ್ಲ, ನಮ್ಮ ಹುಡುಗಿಗೆ ಸಿಕ್ತು ನೋಡಿ ಸ್ವಾಮಿ" ಎಂದರು. ಆ ದನಿಯಲ್ಲಿ ನಾಚಿಕೆ ಹುಡುಕಿದರೂ ಸಿಗುತ್ತಿರಲಿಲ್ಲ.

"ಅಂಗಾದ್ರೆ ಗಾಡಿ ಸರಿ ಐತೆ ಅನ್ನಿ" ಎಂದರು ಮ್ಯಾನೇಜರು.

"ಸರಿ ಇದೆ. ಡಬ್ಬಾ ಎಂದದ್ದು ನನ್ನ ತಪ್ಪು, ಕ್ಷಮಿಸಿ. ನಾನು ಓಡಿಸುವುದೂ ಸರಿ ಇದೆ. ಅದನ್ನು ನೀವು ಹೇಳಿ."

ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಹೇಳಿದರು. "ಸರಿ ಓಡಿಸ್ತೀರ ಮೇಡಂ." ವಾಪಸ್ಸು ಬರುವಾಗ ಬೈಕು ಓಡಿಸಿದವಳು ನಾನು, ಹಿಂದೆ ಕುಳಿತವರು ಅವರು. ಮಧುಗಿರಿ ಮುಟ್ಟುವವರೆಗೂ ಅದು ಒಮ್ಮೆಯೂ ಕೆಮ್ಮಲಿಲ್ಲ.

ಮರುದಿನ ವಳ್ಳೂರಿನ ಗೇಟು ತಲುಪಿದಾಗ ಇನ್ನೂ ಬೀಗ ತೆಗೆದಿರಲಿಲ್ಲ. "ಏಂ ತಲ್ಲಿ, ಅಪ್ಪುಡೇ ಬಂದ್ಬುಟ್ಯಾ, ಇಷ್ಟು ಬೇಗ?" ಎಂದು ತೆಲುಗು ಬೆರೆಸಿ ಕೇಳುತ್ತ ಕಾವಲಿನ ತಾತ ಕಣ್ಣುಜ್ಜುತ್ತ ಬಂದರು. ಅಂದಿನಿಂದ ಇಂದಿನವರೆಗೆ ನನ್ನ ಹಾಜರಿ ಒಂದು ದಿನವೂ ತಪ್ಪಿಲ್ಲ.

ಇನ್ನೂ ಒಂದು ಸುದ್ದಿಯಿದೆ. ನಿನ್ನೆ ನನ್ನ ಕೆಲಸ ಕಾಯಂ ಆಯಿತು. ಕಚೇರಿಯಲ್ಲಿ ಅರ್ಜಿಯೊಂದನ್ನು ತುಂಬಿಸಿದರು. ನನ್ನ ಕೆಲಸವನ್ನು ಬಲ್ಲವರೊಬ್ಬರ ಹೆಸರು ಬರೆಯಬೇಕಿದ್ದ ಸಾಲಿನಲ್ಲಿ ನಿಮ್ಮ ಪೂರ್ತಿ ಹೆಸರನ್ನು ಬಿಡಿಸಿ ಬರೆದೆ. ಗುಮಾಸ್ತರು ಫೋನ್ ನಂಬರು ಕೇಳಿದರು. ತೀರಿಕೊಂಡಿದ್ದಾರೆ ಎಂದೆ. "ಹಂಗಾದ್ರೆ ಬೇರೆ ಹೆಸ್ರು ಬರೀರಿ" ಎಂದರು.

ಬೇರೆ ಹೆಸರನ್ನು ಅದರ ಕೆಳಗೆ ಬರೆದೆ, ಮೇಷ್ಟ್ರೇ. ನಿಮ್ಮದನ್ನು ಹೊಡೆದುಹಾಕಲಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಚಂದ್ರಕಲಾ